ಫೆಲಿಸಿದಾದಳ ಸರದಿಯ ಲದೀನ್

ನಮ್ಮ ಕೇರಿಯ ಶಿಲುಬೆ ಕಟ್ಟೆಯಲ್ಲಿ ಪ್ರತಿ ಮೇ ತಿಂಗಳು, ವರ್ಷಕ್ಕೊಂದು ಮನೆಯ ಸರದಿಯಂತೆ, ಲದೀನ್ ಹಾಡುತ್ತೇವೆ. ಮರಿಯಮ್ಮನವರ ಈ ಲ್ಯಾಟಿನ್ ಪ್ರಾರ್ಥನೆಗೆ ಎರಡು ದನಿ ಬೇಕು. ಮೊದಲ ದನಿ ಮಿಂಗೆಲನದು, ಎರಡನೆಯದು ಫೆಲಿಸಿದಾದಳದು. ಇಬ್ಬರೂ ಚಿಕ್ಕಂದಿನಲ್ಲಿ ಚರ್ಚಿನ ಪಿಟೀಲು ಮೇಷ್ಟ್ರ ಹತ್ತಿರ ಕಲಿತವರು. ಅರ್ಥ ಇಬ್ಬರಿಗೂ ಪೂರ್ತಿ ಗೊತ್ತಿಲ್ಲ. ಎರಡನೇ ದನಿ ಮೊದಲನೆಯದಕ್ಕಿಂತ ಸ್ವಲ್ಪ ಕೆಳಗೆ, ಅದರ ಜೊತೆಜೊತೆಗೇ ಸಾಗಬೇಕು. ಒಂಟಿಯಾಗಿ ಹಾಡಿದರೆ ಅದು ಯಾವ ರಾಗವೂ ಅಲ್ಲ.

ಫೆಲಿಸಿದಾದ್ ಮಡಗಾಂವಿನ ಅಂಗಡಿಯೊಂದರಲ್ಲಿ ಮದುವೆ ಗೌನು ಹೊಲಿಯುತ್ತಾಳೆ. ತಾನು ಮದುವೆಯಾಗಲಿಲ್ಲ. ಅವಳ ತಾಯಿಯನ್ನು ಕೇರಿಯವರೆಲ್ಲ ಮಾಯ್ ಎನ್ನುತ್ತೇವೆ. ಮಾಯ್ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಚರ್ಚಿಗೂ ಕಟ್ಟೆಗೂ ಬರುವಂತಿರಲಿಲ್ಲ. ಆದರೆ ಅವರ ಕಿಟಕಿ ಕಟ್ಟೆಯ ಕಡೆಗಿತ್ತು. ಈ ಬೇಸಿಗೆಯಲ್ಲಿ ಡಾಕ್ಟರು, ಇನ್ನು ಆಸ್ಪತ್ರೆಗೆ ತರುವುದು ಬೇಡ ಎಂದುಬಿಟ್ಟರು. ಆಗ ಮಾಯ್ ಮಗಳಿಗೆ ಹೇಳಿದರು: "ಈ ಸಲ ಲದೀನ್ ನಮ್ಮ ಸರದಿ. ಎರಡೂ ದನಿ ಕೇಳಿಸ್ಬೇಕು ನಂಗೆ. ಮೊಬೈಲಲ್ಲಿ ಅಲ್ಲ."

ತೊಡಕು ಇದ್ದದ್ದು ಒಂದೇ. ಪಕ್ಕದ ಮನೆಯ ಮಿಂಗೆಲ್ ತನ್ನ ಹಿತ್ತಲಿಗೆ ಕಾಂಪೌಂಡು ಕಟ್ಟಿಸಿ ಇವರ ಕಾಲುದಾರಿ ಮುಚ್ಚಿದ್ದ. ಅಂದಿನಿಂದ ಫೆಲಿಸಿದಾದ್ ಅವನೊಡನೆ ಮಾತು ಬಿಟ್ಟಿದ್ದಳು. ಹಾಡು ಬಿಟ್ಟಿರಲಿಲ್ಲ. ಯಾರ ಸರದಿಯಿದ್ದರೂ ಇಬ್ಬರೂ ಬಂದು ಪಕ್ಕಪಕ್ಕ ನಿಂತು ಹಾಡಿ, ಮುಖ ನೋಡದೆ ಮನೆಗೆ ಹೋಗುತ್ತಿದ್ದರು.

ಸರದಿಯ ಮನೆಯವರು ಪ್ರತಿ ಬಾಗಿಲಿಗೂ ಹೋಗಿ ಕರೆಯಬೇಕು, ಅದು ನಮ್ಮ ರೂಢಿ. ಫೆಲಿಸಿದಾದ್ ನಮ್ಮ ಮನೆಗೂ ಬಂದಳು. ಮಿಂಗೆಲನಿಗೆ ಮಾತ್ರ ವಾಟ್ಸಾಪ್ ಕಳಿಸಿದಳು. ಆ ಉಪಾಯ ಅವಳ ತಂಗಿಯ ಮಗಳು ಗ್ಲೆಂಡಾಳದು. ಹಿಂದಿನ ಭಾನುವಾರವಷ್ಟೇ ಚರ್ಚಿನ ಸಭಾಂಗಣದಲ್ಲಿ "ಈ ಕಾಲದಲ್ಲಿ ಚರ್ಚು ಯಾಕೆ ಬೇಕು?" ಎಂಬ ಚರ್ಚೆ ನಡೆದಿತ್ತು. ಪ್ರಾರ್ಥನೆ ಮನೆಯಲ್ಲೇ ಮಾಡಬಹುದು, ಪಾದ್ರಿಯ ಬಲಿಪೂಜೆ ಫೋನಿನಲ್ಲೇ ಬರುತ್ತದೆ, ಕಷ್ಟಕ್ಕೆ ಸಂಘಸಂಸ್ಥೆಗಳಿವೆ ಎಂದು ಗ್ಲೆಂಡಾ ಚೆನ್ನಾಗಿ ವಾದಿಸಿದ್ದಳು. ನಾನೂ ಚಪ್ಪಾಳೆ ತಟ್ಟಿದ್ದೆ.

ಲದೀನ್ ದಿನ ಸಂಜೆ ಮೇಣದ ಬತ್ತಿ ಹಚ್ಚಿ ನಿಂತೆವು. ಮಿಂಗೆಲ್ ಬರಲಿಲ್ಲ. ಗ್ಲೆಂಡಾ ಮೊದಲ ದನಿ ಹಿಡಿಯಲು ಹೋಗಿ ಎರಡನೇ ಸಾಲಿಗೇ ತಪ್ಪಿ ಹಾಡು ನಿಲ್ಲಿಸಿದಳು. ಫೆಲಿಸಿದಾದ್ ಒಬ್ಬಳೇ ತನ್ನ ಭಾಗ ಎಳೆದುಕೊಂಡು ಹೋದಳು. ಕಿಟಕಿಯಿಂದ ಮಾಯ್ ಕೂಗಿದರು:

"ಏ ಫೆಲ್ಸು! ಬರೀ ಸಾರು ಬಡಿಸ್ತಿದ್ದೀಯಲ್ಲೇ, ಅನ್ನ ಎಲ್ಲಿ?"

ಕೆಲವರು ನಕ್ಕರು. ಫೆಲಿಸಿದಾದ್ ಹಾಡು ನಿಲ್ಲಿಸಿ, ಪ್ರಾರ್ಥನೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಕಾಂಪೌಂಡು ಸುತ್ತಿಕೊಂಡು ಮಿಂಗೆಲನ ಮನೆಗೆ ನಡೆದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಜಗಲಿಯಲ್ಲೇ ಕೂತಿದ್ದ. ಕಾಂಪೌಂಡಿನ ಗಿಡ್ಡ ಗೋಡೆಯ ಈಚೆ, ಕಟ್ಟೆಯಲ್ಲಿ ನಿಂತಿದ್ದ ನಮಗೆ ಅವರ ಮಾತೆಲ್ಲ ಕೇಳಿಸಿತು.

"ಮೆಸೇಜ್ ನೋಡ್ಲಿಲ್ವೇನೋ?"

"ನೋಡ್ದೆ. ಕರೆಂಟ್ ಆಫೀಸಿನವ್ರೂ ಕಳಿಸ್ತಾರೆ. ಅದಕ್ಕೆಲ್ಲ ಅಂಗಿ ಹಾಕ್ಕೊಂಡು ಹೊರಡೋಕಾಗುತ್ತಾ?"

"ಹಾಕ್ಕೊಂಡೇ ಕೂತಿದ್ದೀಯಲ್ಲ!"

ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ.

"ದಾರಿ ಮುಚ್ಚಿದವನ ಮನೆಗೆ ಹೇಗೋ ಬರ್ಲಿ? ಸುತ್ತಿ ಬರೋಷ್ಟರಲ್ಲಿ ಕಾಲು ಬಿದ್ದೋಯ್ತು."

"ಬಂದ್ಯಲ್ಲ. ಈಗ ಸರಿಯಾಗಿ ಕರಿ."

ಫೆಲಿಸಿದಾದ್ ಜಗಲಿಯ ಮೆಟ್ಟಿಲು ಹತ್ತಿ ಮೆಲ್ಲಗೆ ಹೇಳಿದಳು: "ಮಿಂಗೆಲ್, ಇವತ್ತು ನಮ್ಮನೆ ಲದೀನ್. ಮಾಯ್ ಕಾಯ್ತಿದ್ದಾಳೆ. ಬಾ."

"ಬಂದೆ. ಚಪ್ಪಲಿ ಎಲ್ಲಿ ಹೋಯ್ತು..."

ಮೊದಲಿನಿಂದ ಶುರು ಮಾಡಿದೆವು. ಮಿಂಗೆಲ್ ಎಂದಿಗಿಂತ ಎತ್ತರಕ್ಕೆ ಎತ್ತಿಕೊಂಡ. ಫೆಲಿಸಿದಾದಳೂ ಅಷ್ಟೇ ಮೇಲೇರಿ, ನಡುವಿನ ಅಂತರ ತಪ್ಪದಂತೆ ಕೊನೆಯವರೆಗೂ ಹೋದಳು.

ಮುಗಿದ ಮೇಲೆ ಬೇಯಿಸಿದ ಕಡಲೆ, ಗೇರುಹಣ್ಣಿನ ಫೆನ್ನಿ ಹಂಚಿದರು. ಮಿಂಗೆಲ್ ಲೋಟ ಹಿಡಿದು ಕಿಟಕಿಯ ಹತ್ತಿರ ಹೋದ.

"ಹೇಗಿತ್ತು ಮಾಯ್?"

"ಎತ್ತರ ಜಾಸ್ತಿ ಆಯ್ತೋ. ನನ್ನ ಹೆಣದ ಮುಂದೆ ಹಾಡುವಾಗ ಸ್ವಲ್ಪ ಕೆಳಗಿಂದ ಶುರು ಮಾಡು. ಪಾಪ, ಅವಳಿಗೂ ಉಸಿರು ಬೇಕು."

ಮಾಯ್ ಜೂನಿನಲ್ಲಿ ತೀರಿಕೊಂಡರು. ಯಾರೂ ಕರೆಯುವ ಮೊದಲೇ ಮಿಂಗೆಲ್ ಬಂದ, ಕೆಳಗಿನಿಂದಲೇ ಶುರು ಮಾಡಿದ. ಕಾಂಪೌಂಡು ಮಾತ್ರ ಇನ್ನೂ ಹಾಗೇ ಇದೆ. ಅದರ ವಿಚಾರಕ್ಕೆ ಭಾನುವಾರ ಚರ್ಚಿನಿಂದ ಮನೆ ಸೇರುವವರೆಗೂ ಇಬ್ಬರೂ ಜಗಳವಾಡುತ್ತಾರೆ, ಒಟ್ಟಿಗೇ ನಡೆಯುತ್ತ.