ಊಟ ಮುಗಿಯಲಿ ಎಂದ ಅಮೀನರು

ಪಕ್ಕದ ಮನೆಯವರು ಮೀನು ಹುರಿಯತೊಡಗಿದರೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಕಟ್ಟಡದವರಿಗೆಲ್ಲ ಹಸಿವಾಗುತ್ತದೆ. ನನಗೆ ಮಾತ್ರ ಕೋರ್ಟಿನ ಅಮೀನರೊಬ್ಬರು ನೆನಪಾಗುತ್ತಾರೆ. ಹೇಳಿದರೆ ಜನ ನಗುತ್ತಾರೆ. ನಗಲಿ. ಮನೆಮನೆಗೆ ಹೋಗಿ ಸಮನ್ಸ್ ಕೊಡುವುದು ಅವರ ಕೆಲಸ. ಮೀನನ್ನಂತೂ ಅವರು ಮುಟ್ಟಿದವರೇ ಅಲ್ಲ.

ನನ್ನ ಗಂಡ ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿದ್ದರು. ಕೆಟ್ಟವರೇನಲ್ಲ, ಒಂದು ದಿನ ಬೈದವರಲ್ಲ. ಆದರೆ ಬರಬರುತ್ತಾ, ರಜೆ ಸಿಕ್ಕರೂ ನಾಗರಬಾವಿಯ ನಮ್ಮ ಬಾಡಿಗೆ ಮನೆಗೆ ಬರುವುದನ್ನೇ ಬಿಟ್ಟರು. ರಾಜಾಜಿನಗರದ ತಮ್ಮ ಅಮ್ಮನ ಮನೆಯಲ್ಲಿದ್ದು ಹಾಗೇ ಹಡಗು ಹತ್ತುತ್ತಿದ್ದರು. ಯಾಕೆಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ‘ಯಜಮಾನ್ರು ಯಾವಾಗ ಬರ್ತಾರೆ?’ ಎಂದವರಿಗೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿ ವಿಚ್ಛೇದನಕ್ಕೆ ಅರ್ಜಿ ಹಾಕಿದೆ.

ಸಮನ್ಸ್ ಅವರ ಕೈಗೇ ಸೇರಬೇಕೆಂದು ಕೋರ್ಟು ಹೇಳಿತ್ತು. ಅಲ್ಲಿಯವರೆಗೆ ನನ್ನ ಬದುಕು ನಿಂತಲ್ಲೇ ನಿಂತಿತ್ತು. ಹಡಗಿನ ಕಂಪನಿಗೆ ಕಳಿಸಿದ್ದು ವಾಪಸ್ ಬಂತು. ಅಮೀನರು ರಾಜಾಜಿನಗರಕ್ಕೆ ಹೋದಾಗಲೆಲ್ಲ ನಮ್ಮತ್ತೆ ಬಾಗಿಲಲ್ಲೇ ‘ಹಡಗಲ್ಲಿದಾನೆ’ ಎಂದು ಕಳಿಸಿಬಿಡುತ್ತಿದ್ದರು. ಅಮೀನರು ಅದನ್ನೇ ಷರಾ ಬರೆದು ಕೋರ್ಟಿಗೆ ಒಪ್ಪಿಸುತ್ತಿದ್ದರು.

‘ಮನೇಲಿದ್ದೂ ತಪ್ಪಿಸ್ಕೊಂಡ್ರು ಅಂತ ಬರೀರಿ ಸಾರ್’ ಎಂದು ನಾನೊಮ್ಮೆ ರೇಗಿದೆ.

‘ಕಾಣದೇ ಇರೋದನ್ನ ಹೆಂಗಮ್ಮ ಬರೀಲಿ?’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಒಂದು ಬುಧವಾರ ಮಧ್ಯಾಹ್ನ, ಗಂಡನನ್ನು ಗುರುತಿಸಿ ತೋರಿಸಲು ನಾನೂ ಜೊತೆಗೆ ಹೋದೆ. ಗೇಟಿನ ಹತ್ತಿರ ಬರುತ್ತಿದ್ದಂತೆ ಮೀನು ಹುರಿಯುವ ವಾಸನೆ ಬಂತು. ನನ್ನ ಕಾಲು ಅಲ್ಲೇ ನಿಂತಿತು.

‘ಮನೇಲೇ ಇದಾರೆ ಸಾರ್.’

ನಮ್ಮತ್ತೆಗೊಂದು ಹರಕೆಯಿತ್ತು. ಮಗ ನೀರಿನ ಮೇಲಿರುವಷ್ಟು ದಿನ ಅವರ ಮನೆಯಲ್ಲಿ ಮೀನು ಮಾಡುವಂತಿಲ್ಲ. ನೀರಿನ ಜೀವವನ್ನು ತಾನು ಮುಟ್ಟದಿದ್ದರೆ ನೀರು ತನ್ನ ಮಗನನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ. ಹಡಗಿಳಿದೆ ಎಂದು ಫೋನ್ ಬಂದ ಮೇಲೆಯೇ ಅವರು ಮೀನಂಗಡಿಗೆ ಹೋಗುತ್ತಿದ್ದುದು. ಕೋರ್ಟಿನವರಿಗೆ ಸುಳ್ಳು ಹೇಳಿಯಾರು, ಹರಕೆ ಮುರಿಯುವ ಹೆಂಗಸಲ್ಲ.

ಅಮೀನರು ಕೇಳಿ ನಕ್ಕರು. ‘ಮೀನಿನ ವಾಸನೆ ಬಂತು ಅಂತ ಷರಾ ಬರಿಯೋಕಾಗಲ್ವಲ್ಲಮ್ಮ’ ಎನ್ನುತ್ತಾ, ನನ್ನನ್ನು ಬೀದಿಯ ಮೂಲೆಯಲ್ಲಿ ನಿಲ್ಲಿಸಿ ಹೋಗಿ ಬೆಲ್ ಒತ್ತಿದರು. ಅತ್ತೆ ಬಂದರು, ಅದೇ ಉತ್ತರ ಕೊಟ್ಟರು. ಬೇರೆಯವರಾಗಿದ್ದರೆ ದನಿಯೇರಿಸುತ್ತಿದ್ದರು. ಇವರು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು.

‘ಆಗ್ಲಿ ತಾಯಿ. ಎಲ್ರದೂ ಊಟ ಮುಗೀಲಿ, ಕಾಯ್ತೀನಿ. ಉಣ್ಣೋರ್ನ ಎಬ್ಬಿಸಿ ನಾನು ಯಾವತ್ತೂ ಕಾಗದ ಕೊಟ್ಟಿಲ್ಲ.’

ಅತ್ತೆ ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಎಷ್ಟೋ ಹೊತ್ತಿಗೆ ನನ್ನ ಗಂಡ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ತಾವಾಗಿಯೇ ಹೊರಬಂದರು. ಸಹಿ ಹಾಕಿದರು. ನನಗೆ ಕೇಳಿಸದಷ್ಟು ಮೆಲ್ಲಗೆ ಏನೋ ಮಾತಾಡಿ ಒಳಗೆ ಹೋದರು.

‘ಏನಂದ್ರು ಸಾರ್?’ ಎಂದೆ, ಅಮೀನರು ಹತ್ತಿರ ಬಂದಾಗ.

‘ನೀವೂ ಬಂದಿದೀರಾ ಅಂತ ಕೇಳಿದ್ರು. ಮೂಲೇಲಿ ನಿಂತಿದಾರೆ ಅಂದೆ. ಬಿಸಿಲಲ್ಲಿ ನಿಲ್ಲಿಸ್ಬೇಡಿ ಅವಳನ್ನ, ಅಂದ್ರು.’

ಗೆದ್ದೆನೆಂದು ಹಿಗ್ಗಬೇಕಿದ್ದ ನಾನು ನಡುಬೀದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಮೀನರು ಛತ್ರಿ ಬಿಚ್ಚಿ, ಅಳು ನಿಲ್ಲುವವರೆಗೂ ನನ್ನ ತಲೆಯ ಮೇಲೆ ಹಿಡಿದು ನಿಂತರು. ಮುಂದೆ ಕೇಸು ಮುಗಿಯಿತು. ಇಬ್ಬರೂ ಜಗಳವಿಲ್ಲದೆ ಬೇರೆಯಾದೆವು. ಆ ಒಂದು ಮಾತಿನಿಂದಾಗಿ ನನಗೆ ಗಂಡನ ಮೇಲೆ ಇಂದಿಗೂ ಸಿಟ್ಟಿಲ್ಲ.

ಅಮೀನರು ತೀರಿಕೊಂಡ ಸುದ್ದಿ ಕಳೆದ ತಿಂಗಳು ತಿಳಿಯಿತು. ಬಿನ್ನಿಪೇಟೆಯ ಅವರ ಮನೆಗೆ ಹೋಗಿ ಬಂದೆ. ಎಂದಾದರೊಂದು ದಿನ ಅವರನ್ನು ಕೇಳಬೇಕೆಂದಿದ್ದೆ... ನನ್ನ ಗಂಡ ನಿಜವಾಗಿ ಹಾಗೆಂದರೇ, ಇಲ್ಲಾ ಕಾಣದ್ದನ್ನು ಬರೆಯದ ಆ ಮನುಷ್ಯ ನನಗಾಗಿ ಒಂದೇ ಒಂದು ಸಲ ಸುಳ್ಳು ಹೇಳಿದರೇ? ಇನ್ನು ಯಾರನ್ನು ಕೇಳಲಿ?