ಸಂಗೀತಕ್ಕೆ ಕಾದಿಟ್ಟ ಲೈನು

ಮೊನ್ನೆ ರಾಜಾಜಿನಗರದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಟೆಲಿಫೋನ್ ಆಪರೇಟರುಗಳು ತಲೆಗೆ ಹಾಕಿಕೊಳ್ಳುತ್ತಿದ್ದಂಥ ಹೆಡ್‌ಫೋನು ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದೆ. ಹಳೇ ರಬ್ಬರು, ಅದರೊಳಗೆ ಎಲ್ಲೋ ಕೊಬ್ಬರಿ ಎಣ್ಣೆ... ನಮ್ಮ ವಠಾರದ ಪಕ್ಕದ ಮನೆ ಆಂಟಿ ಡ್ಯೂಟಿ ಮುಗಿಸಿ ಬಂದು ನಿಂತ ಹಾಗಾಯಿತು.

ಎಂಬತ್ತರ ದಶಕದ ಮಾತು. ಆಂಟಿ ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದರು. ಮದುವೆಯಾಗಿರಲಿಲ್ಲ, ಹಾಸನದಲ್ಲಿ ಅಮ್ಮ ಮತ್ತು ಅಣ್ಣ. ವಠಾರದಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ, ಆದರೆ ಊರೂರಿನ ಮಾತೆಲ್ಲ ಅವರ ಕೈಮೇಲೆ ಹಾದುಹೋಗುತ್ತಿತ್ತು. ಬಾಯಿ ಜೋರು. ನಲ್ಲಿ ಹತ್ತಿರ ಹೆಂಗಸರೆಲ್ಲ ಒಟ್ಟಿಗೆ ಶುರುಮಾಡಿದರೆ, "ಒಬ್ಬೊಬ್ರಾಗಿ ಮಾತಾಡ್ರೇ, ಲೈನ್ ಜಾಮ್ ಆಗತ್ತೆ" ಎಂದು ರೇಗಿಸುತ್ತಿದ್ದರು.

ಬೇರೆ ಊರಿನಿಂದ ರೇಡಿಯೋಗೆ ಸಂಗೀತ ಕಛೇರಿ ನೇರ ಪ್ರಸಾರವಾಗುವ ದಿನ ಅವರ ಗತ್ತೇ ಬೇರೆ. ಆ ಹಾಡು ಬೆಂಗಳೂರಿಗೆ ಬರುತ್ತಿದ್ದದ್ದೂ ಟೆಲಿಫೋನ್ ತಂತಿಯಲ್ಲೇ. ಮಾತಿಗಾದರೆ ತಂತಿಯಲ್ಲಿ ಚೂರು ಜಾಗ ಸಾಕು, ತಂಬೂರಿಯ ನಾದಕ್ಕೆ ಸಾಲದು. ಅದಕ್ಕಾಗಿ ಹಲವು ಕರೆಗಳ ಜಾಗ ಒಟ್ಟುಮಾಡಿ ಕಛೇರಿಗೆಂದೇ ಮೀಸಲಿಡುತ್ತಿದ್ದರು. ಮುಗಿಯುವವರೆಗೆ ಅದನ್ನು ಯಾರಿಗೂ ಕೊಡುವಂತಿರಲಿಲ್ಲ. ಕಾಯುವ ಕೆಲಸ ಆಂಟಿಯದು. "ಮದ್ವೆ ಮನೇಲಿ ಬೀಗರಿಗೆ ಅಂತ ಎಲೆ ಹಾಕಿಟ್ಟ ಹಾಗೆ ಕಣ್ರೀ. ಎಷ್ಟ್ ಹಸ್ಕೊಂಡ್ ಬಂದ್ರೂ ಬೇರೆಯವ್ರನ್ನ ಕೂರ್ಸಕ್ಕಾಗಲ್ಲ" ಎಂದು ನಮ್ಮಮ್ಮನಿಗೆ ವಿವರಿಸಿದ್ದರು.

ಕಾಯುವಾಗ ಅವರ ಕಿವಿಯೆಲ್ಲ ಲೈನಿನ ಗೊರಗೊರ ಸದ್ದಿನ ಮೇಲೆ, ಹಾಡಿನ ಮೇಲಲ್ಲ. ಹಾಗಾಗಿ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನಮ್ಮ ಬಾಗಿಲಲ್ಲಿ ನಿಂತು, "ಹೆಂಗೆ ಬಂತು?" ಎನ್ನುವರು. ಚೆನ್ನಾಗಿ ಬಂತು ಎಂದರೆ ತಾವೇ ಹಾಡಿದಂತೆ ಬೀಗುವರು.

ಒಂದು ಸಂಜೆ ಹಾಸನದಿಂದಲೇ ಕಛೇರಿ. ಆಂಟಿಯ ಅಮ್ಮ ಅಲ್ಲಿನ ಆಸ್ಪತ್ರೆಯಲ್ಲಿದ್ದರು. ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಗಾಳಿಮಳೆಗೆ ಆ ಕಡೆಯ ಉಳಿದ ತಂತಿಗಳು ಕೆಟ್ಟು, ಕಛೇರಿಯ ದಾರಿಯೊಂದೇ ನೆಟ್ಟಗಿತ್ತು. ಅದರ ಜೊತೆಗೇ ಸಿಬ್ಬಂದಿ ತಮ್ಮತಮ್ಮಲ್ಲಿ ಮಾತಾಡಲು ಒಂದು ಸಣ್ಣ ಲೈನಿರುತ್ತಿತ್ತು, ಹೊರಗಿನ ಫೋನಿಗೆ ಅದನ್ನು ಜೋಡಿಸಲು ಬರುತ್ತಿರಲಿಲ್ಲ. ಹಾಡು ಅರ್ಧ ದಾಟಿದಾಗ ಆ ಲೈನಿನಲ್ಲಿ ಹಾಸನದ ಆಪರೇಟರು ಹೇಳಿದರಂತೆ: "ಮೇಡಂ, ನಿಮ್ಮಣ್ಣ ಆಸ್ಪತ್ರೆಯಿಂದ ಕಾಲ್ ಬುಕ್ ಮಾಡಿದಾರೆ. ಅಮ್ಮನ್ನ ಫೋನ್ ಹತ್ರಾನೇ ಕೂರ್ಸಿದಾರೆ, ನಿಮ್ಮ ಜೊತೆ ಮಾತಾಡ್ಬೇಕಂತೆ. ಒಂದ್ ನಿಮಿಷ ಲೈನ್ ಬಿಡಿಸ್ಲಾ?"

"ಕಛೇರಿ ಮುಗೀಲಿ ಸಾರ್" ಅಂದರಂತೆ ಆಂಟಿ.

ಇತ್ತ ನಮ್ಮ ಮನೆಯಲ್ಲಿ ಅರ್ಧ ವಠಾರ ರೇಡಿಯೋ ಮುಂದೆ ಕೂತಿತ್ತು. ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಂಗಳ ಮುಗಿದು ಎಲ್ಲರೂ ಎದ್ದುಹೋದ ಮೇಲೆ ಆಂಟಿ ಬಂದು ಬಾಗಿಲಲ್ಲಿ ನಿಂತರು.

"ಹೆಂಗೆ ಬಂತು?"

"ಪಕ್ಕದಲ್ಲೇ ಕೂತು ಹಾಡ್ದಂಗಿತ್ತು ಕಣ್ರೀ!" ಅಮ್ಮ ಸಂಭ್ರಮದಿಂದ ಹೇಳಿದರು.

ಆಂಟಿ ತಲೆಯಾಡಿಸಿದರು. "ನಮ್ಮಮ್ಮ ಹೋಗ್ಬಿಟ್ರು. ಈ ಬೀಗದ ಕೈ ಇಟ್ಕೊಂಡಿರಿ, ಹಾಸನಕ್ಕೆ ಹೋಗ್ತಾ ಇದೀನಿ" ಅಂದರು. ಕಛೇರಿ ಮುಗಿದು ಲೈನ್ ಸಿಗುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ನಮ್ಮಮ್ಮನ ಆ ಸಂಭ್ರಮದ ದನಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕರ್ಮವೆಲ್ಲ ಮುಗಿಸಿ ಬಂದ ಮೇಲೆ ಆಂಟಿ ನಮ್ಮ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿದರು. ಲೈನ್ ಸಿಗದೆ ಅವರಣ್ಣ ಅಲ್ಲಿದ್ದ ರೇಡಿಯೋದಲ್ಲಿ ಬೆಂಗಳೂರು ಸ್ಟೇಷನ್ ಹಾಕಿ, "ಕೇಳಮ್ಮ, ಇದು ನಿನ್ನ ಮಗಳ ಕೈಯಿಂದಾನೇ ಬರ್ತಿರೋದು" ಎಂದಿದ್ದರಂತೆ. ಅವರಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತಿದ್ದರಂತೆ.

"ಅಮ್ಮಂಗೆ ಹೆಂಗೆ ಬಂತಣ್ಣ, ಅಂತ ಕೇಳ್ದೆ" ಎಂದರು ಆಂಟಿ. "ಅವನು ಎದ್ದು ಹೊರಗೆ ಹೋಗ್ಬಿಟ್ಟ ಕಣ್ರೀ..."

ಆಮೇಲೂ ಅವರು ಎಷ್ಟೋ ಕಛೇರಿಗಳನ್ನು ಕಾದರು. ಆದರೆ ನಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರು. ನಾವಾಗಿಯೇ "ಚೆನ್ನಾಗಿ ಬಂತು ಆಂಟಿ" ಎಂದರೂ ಬೀಗ ತೆಗೆದು ಒಳಗೆ ಹೋಗಿಬಿಡುವರು. ಮುಂದೆ ಮಲ್ಲತ್ತಹಳ್ಳಿ ಕಡೆ ಮನೆ ಮಾಡಿಕೊಂಡು ಹೋದರು. ಅವರು ತೀರಿಕೊಂಡ ಸುದ್ದಿಯೂ ನಮಗೆ ತಡವಾಗಿಯೇ ತಲುಪಿತು...

"ಅದು ಕೆಲ್ಸ ಮಾಡಲ್ಲ ಮೇಡಂ, ಶೋಕೇಸಲ್ಲಿ ಇಡ್ಬಹುದು" ಎಂದ ಅಂಗಡಿಯವನು. ಆದರೂ ಒಮ್ಮೆ ಕಿವಿಗಿಟ್ಟುಕೊಂಡೆ. ಏನೂ ಇರಲಿಲ್ಲ. ಗೊರಗೊರ ಸದ್ದು ಕೂಡ ಇರಲಿಲ್ಲ. ಅದನ್ನು ಇದ್ದ ಜಾಗದಲ್ಲೇ ಇಟ್ಟು ಮನೆಗೆ ಬಂದೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತೆ. ಹೆಂಗೆ ಬಂತು ಎಂದು ಕೇಳಲು ಆಂಟಿಯೂ ಇಲ್ಲ, ಹೇಳಲು ಅಮ್ಮನೂ ಇಲ್ಲ.