ಮೇಲಿನ ಮನೆಯ ಬಾಯಮ್ಮನ ಸ್ಟೀಲ್‌ಪ್ಯಾನ್

ಬಾಯಮ್ಮನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ರಬ್ಬರ್ ತುದಿಯ ಕೋಲು ಹಿಡಿದಾಗ ಅದೊಂದು ಮಾತ್ರ ಸೆಟೆದು ಹೊರಗೆ ನಿಲ್ಲುತ್ತಿತ್ತು. ಅದೇ ಕ್ರಮವೆಂದು ತಿಳಿದು ನಾವೆಲ್ಲ, ಹೆಂಗಸರೂ ಹುಡುಗಿಯರೂ, ಕಿರುಬೆರಳು ಎತ್ತಿಕೊಂಡೇ ತಿಂಗಳುಗಟ್ಟಲೆ ಸ್ಟೀಲ್‌ಪ್ಯಾನ್ ಬಾರಿಸಿದೆವು. ಒಂದು ದಿನ ಅದು ಅವರ ಕಣ್ಣಿಗೆ ಬಿತ್ತು. "ನನ್ನದು ಬಾಗಿಲಿಗೆ ಸಿಕ್ಕಿ ಹೀಗಾದದ್ದು ಮಾರಾಯ್ರೆ, ನಿಮಗೆಲ್ಲ ಎಂತ ಆದದ್ದು?" ಎಂದು ಬಿದ್ದು ಬಿದ್ದು ನಕ್ಕರು.

ಗಲ್ಫಿನಲ್ಲಿ ನಾವಿದ್ದ ಮದೀನತ್ ಖಲೀಫಾದ ವಿಲ್ಲಾದಲ್ಲಿ ಮೇಲಿನ ಪಾಲು ಅವರದು, ಕೆಳಗಿನದು ನಮ್ಮದು. ಅವರ ಮನೆಮಾತು ಕೊಂಕಣಿ, ನಮ್ಮದು ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ಬಾಯಮ್ಮ ತಮ್ಮ ಆಫೀಸಿನಲ್ಲಿ ಜೊತೆಗಿದ್ದ ಟ್ರಿನಿಡಾಡಿನ ಹೆಂಗಸಿನಿಂದ ಕಲಿತದ್ದನ್ನು ಶುಕ್ರವಾರ ಸಂಜೆ ಕಾರ್ ಶೆಡ್ಡಿನಲ್ಲಿ ನಮಗೆ ಕಲಿಸುತ್ತಿದ್ದರು. ಸ್ಟೀಲ್‌ಪ್ಯಾನ್ ಎಂದರೆ ಎಣ್ಣೆ ಡ್ರಮ್ಮಿನ ತಲೆಯನ್ನು ಬಡಿದು ತಗ್ಗು ಮಾಡಿ, ಅದರಲ್ಲಿ ಸ್ವರಕ್ಕೊಂದು ಉಬ್ಬು. ಒಂದು ಸ್ವರದ ಪಕ್ಕದಲ್ಲೇ ಮುಂದಿನದು ಇರಬೇಕಲ್ಲ? ಇರುವುದಿಲ್ಲ, ಆಚೆ ಬದಿಯಲ್ಲೆಲ್ಲೋ ಇರುತ್ತದೆ. ಅದರ ತಲೆಬುಡ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಗ ಅರ್ಥವಾಗದೆ ಇದ್ದದ್ದು ಅದೊಂದೇ ಅಲ್ಲ. ವುಕೈರಿನಿಂದ ಈ ವಿಲ್ಲಾಕ್ಕೆ ಮನೆ ಬದಲಿಸಿದ ಮೇಲೆ ಎಂಟನೇ ಕ್ಲಾಸಿನ ನನ್ನ ಮಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಯಾಕೆಂದು ತಿಳಿಯದೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನಾಚಿಕೆಯಿಂದ ಯಾರಲ್ಲೂ ಹೇಳಿರಲಿಲ್ಲ. ಒಂದು ಶುಕ್ರವಾರ ಪ್ಯಾನಿನ ಸದ್ದು ಕೇಳಿ ಅವಳು ತಾನಾಗಿಯೇ ಶೆಡ್ಡಿಗೆ ಹೋದಳು. ನಾನೂ ಹಿಂದೆಯೇ ಹೋಗಿ ಕುರ್ಚಿ ಹಾಕಿ ಕೂತೆ.

"ಸುಮ್ಮನೆ ಕೂತು ಎಂತ ಮಾಡ್ತೀರಿ? ಹಿಡೀರಿ," ಎಂದು ಬಾಯಮ್ಮ ನನ್ನ ಕೈಗೂ ಕೋಲು ಕೊಟ್ಟರು. ಅವರು ಹಾಡಿನ ಒಂದು ಸಾಲನ್ನು ಒಬ್ಬರಿಗೆ ಮಾತ್ರ ಹೇಳಿಕೊಡುವುದು. ಕಲಿತವರು ಇನ್ನೊಬ್ಬರಿಗೆ ತೋರಿಸಬೇಕು. ನಾನು ಬಾರಿಸಬೇಕಾದ ಸಾಲನ್ನು ಮಗಳಿಗೆ ಹೇಳಿಕೊಟ್ಟರು.

"ಬರೆದು ಕೊಡಿ ಬಾಯಮ್ಮ, ನಾನೇ ನೋಡಿ ಕಲೀತೇನೆ."

"ಪೇಪರ್ ಮಾಫಿ," ಎಂದು ಅರಬಿಯಲ್ಲಿ ಇಲ್ಲವೆಂದರು. "ಅವಳನ್ನು ಕೇಳಿ."

ಕೇಳಿದೆ. ಮಗಳು ತುಟಿ ಬಿಚ್ಚದೆ ಬಾರಿಸಿ ತೋರಿಸಿದಳು. ತಪ್ಪಿದೆ. ಮತ್ತೆ ತೋರಿಸಿದಳು, ಮತ್ತೆ ತಪ್ಪಿದೆ. ವಾರಗಟ್ಟಲೆ ಇದೇ ಕತೆ. ಕೊನೆಗೊಂದು ಸಂಜೆ ಅವಳ ತಾಳ್ಮೆ ಕೆಟ್ಟಿತು. "ಉಮ್ಮಾ, ಅಲ್ಲಿ ಅಲ್ಲ! ಇಲ್ಲಿ! ಎಷ್ಟು ಸಲ ಹೇಳುವುದು ನಿನಗೆ?"

ಒಂದು ಸಲವೂ ಹೇಳಿರಲಿಲ್ಲ. ನನಗೆ ಅಳು ಬಂತು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಬೈಯುತ್ತಲೇ ಇದ್ದಳು. ಇನ್ನೂ ಬೈಯಲಿ ಎಂದು ನಾನು ಅನ್ನ ಬಡಿಸುತ್ತಲೇ ಇದ್ದೆ.

ಗಂಡನ ಕೆಲಸ ಮುಗಿದು ಬಾಯಮ್ಮ ಊರಿಗೆ ಹೋದರು. ಮೊನ್ನೆ ಅವರು ತೀರಿಕೊಂಡರೆಂದು ಫೋನ್ ಬಂತು. ಮಗಳಿಗೆ ಹೇಳಿದೆ, ಈಗವಳು ಕಾಲೇಜು ಹುಡುಗಿ. "ನಾನು ಮಾತಾಡುವುದಿಲ್ಲ ಅಂತ ಆಗ ಬಾಯಮ್ಮನಿಗೆ ನೀನು ಹೇಳಿದ್ದಲ್ವಾ, ಉಮ್ಮಾ?" ಎಂದಳು.

"ನಾನಲ್ಲ. ನೀನು ಹೇಳಿದ್ದು ಅಂತ ನಾನು ಎಣಿಸಿದ್ದೆ."

"ನಾನು ಯಾರಿಗೂ ಹೇಳಲಿಲ್ಲ."

ನನ್ನ ಸಾಲನ್ನು ಮಗಳಿಗೆ ಹೇಳಿಕೊಟ್ಟದ್ದು ಬಾಯಮ್ಮ ತಿಳಿದೇ ಮಾಡಿದರೋ, ಎಲ್ಲರಿಗೂ ಮಾಡಿದ ಹಾಗೆ ನಮಗೂ ಮಾಡಿದರೋ? ಕೇಳೋಣವೆಂದರೆ ಅವರಿಲ್ಲ.